ಹುಲ್ಲಿನ ಬೇರಿಗೆ ಉಸಿರು

ಮನೆಯ ಮುಂದೆ ನಾಲ್ಕು ಮಾರು ನೆಲ ಹಸುರಾಗಿರಲೆಂದು ಗರಿಕೆಯನ್ನು ನೆಟ್ಟವರು, ಎರಡು ಮೂರು ವರ್ಷ ಕಳೆದಮೇಲೆ, ಒಂದೇ ಬಗೆಯ ದೂರನ್ನು ಹೇಳುವುದುಂಟು. ಮೊದಲ ಮಳೆಗಾಲದಲ್ಲಿ ಜಮಖಾನದಂತೆ ಹರಡಿದ ಹುಲ್ಲು ಈಗ ಅಲ್ಲಲ್ಲಿ ಹಳದಿಯಾಗಿದೆ. ಜನ ತಿರುಗಾಡುವ ಕಡೆ ನೆಲ ಬೋಳಾಗಿದೆ. ನೀರು ಹೊಯ್ದರೆ ಇಂಗದೆ ನಿಲ್ಲುತ್ತದೆ. ಧಾರವಾಡ, ಗದಗ, ವಿಜಯಪುರಗಳ ಎರೆಭೂಮಿಯಲ್ಲಿ ಮನೆಮಾಡಿದವರಿಗೆ ಇದು ಹೊಸ ಮಾತಲ್ಲ. ಆಶ್ಚರ್ಯವೇನೆಂದರೆ, ಅದೇ ಎರೆಯ ಹೊಲದಲ್ಲಿ ಇದೇ ಗರಿಕೆ, ಆ ಕಡೆಯವರು ಕರಕಿ ಎನ್ನುವುದು, ಕಿತ್ತಷ್ಟೂ ಚಿಗುರಿ ರೈತನನ್ನು ಗೋಳುಹೊಯ್ದುಕೊಳ್ಳುತ್ತದೆ. ಹೊಲದಲ್ಲಿ ಸಾಯಲೊಲ್ಲದ ಹುಲ್ಲು ಅಂಗಳದಲ್ಲಿ ಆರೈಕೆಯ ನಡುವೆ ಸಾಯುವುದೇಕೆ?

ಸಾಮಾನ್ಯವಾಗಿ ನಡೆಯುವ ಚಿಕಿತ್ಸೆ ಇನ್ನಷ್ಟು ನೀರು; ಅದು ಫಲಿಸದಿದ್ದರೆ ಎಲ್ಲವನ್ನೂ ಅಗೆದು ಹೊಸದಾಗಿ ನೆಡುವುದು. ಬೇಸಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಾಗುವ ಊರುಗಳಲ್ಲಿ ಇವೆರಡೂ ದುಬಾರಿಯ ಉಪಾಯಗಳು. ಬಹುಮಟ್ಟಿಗೆ ಅನಾವಶ್ಯಕವೂ ಹೌದೆಂದು ನಮ್ಮ ಅಭಿಪ್ರಾಯ. ಹೊಲವನ್ನು ಉಳುತ್ತಾರೆ, ಅಂಗಳವನ್ನು ತುಳಿಯುತ್ತಾರೆ, ಭೇದವಿರುವುದು ಅಲ್ಲಿ.

ಬೇರು ಉಸಿರಾಡುತ್ತದೆಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಎಲೆ ಬಿಸಿಲಿನಲ್ಲಿ ಆಮ್ಲಜನಕವನ್ನು ಹೊರಬಿಡುತ್ತದೆಂದು ಶಾಲೆಯಲ್ಲಿ ಕಲಿತು, ಗಿಡಕ್ಕೆ ಅದರ ಗೊಡವೆಯೇ ಇಲ್ಲವೆಂದು ತಿಳಿದವರುಂಟು. ಬೇರಿಗೆ ಬಿಸಿಲೆಲ್ಲಿಯದು? ಎಲೆಯಿಂದ ಇಳಿದುಬಂದ ಸಕ್ಕರೆಯನ್ನು ಆಮ್ಲಜನಕದ ಸಹಾಯದಿಂದ ಒಡೆದು, ಆ ಶಕ್ತಿಯಿಂದಲೇ ಅದು ಬೆಳೆಯಬೇಕು, ಲವಣಗಳನ್ನು ಹೀರಬೇಕು. ಒಳ್ಳೆಯ ಮಣ್ಣಿನ ಗಾತ್ರದಲ್ಲಿ ಸುಮಾರು ಅರ್ಧಭಾಗ ಬರಿಯ ರಂಧ್ರ. ದೊಡ್ಡ ರಂಧ್ರಗಳು ಗಾಳಿಯ ಹಾದಿ. ಸಣ್ಣವು ನೀರಿನ ಉಗ್ರಾಣ. ಜೇಡಿಯ ಕಣವಾದರೋ 0.002 ಮಿಲಿಮೀಟರಿಗಿಂತಲೂ ಚಿಕ್ಕದು; ಆದ್ದರಿಂದ ಜೇಡಿಮಣ್ಣಿನಲ್ಲಿ ಉಗ್ರಾಣ ವಿಶಾಲ, ಹಾದಿ ಇಕ್ಕಟ್ಟು. ಹಸಿ ನೆಲವನ್ನು ತುಳಿದಾಗ ಮೊದಲು ಮುಚ್ಚಿಹೋಗುವುವು ಆ ಹಾದಿಗಳೇ. ಮೇಲೆ ನೀರು ಹೊಯ್ದರೆ ಉಳಿದವೂ ತುಂಬುತ್ತವೆ. ಆಮ್ಲಜನಕವು ನಿಂತ ನೀರಿನಲ್ಲಿ ಹರಡುವ ವೇಗ, ಗಾಳಿಯಲ್ಲಿ ಹರಡುವುದರ ಸುಮಾರು 10,000ದಲ್ಲಿ ಒಂದು ಪಾಲು. ಬಾಡಿದ ಹುಲ್ಲಿನ ಮೇಲೆ ಕರುಣೆಯಿಂದ ಹೊಯ್ದ ಕೊಡ ನೀರು ಅದರ ಉಸಿರನ್ನು ಕಟ್ಟುವುದು ಹೀಗೆ.

ಎರೆ ತಾನಾಗಿಯೇ ಬೇಸಗೆಯಲ್ಲಿ ಬಿರುಕುಬಿಡುವುದಲ್ಲ, ಗಾಳಿಗೆ ಕೊರತೆಯೇನು, ಎಂದು ಕೇಳಬಹುದು. ಆ ಬಿರುಕುಗಳು ಹೆಂಟೆ ಹೆಂಟೆಗಳ ನಡುವೆ ಬಾಯ್ದೆರೆಯುತ್ತವೆ. ತುಳಿದ ಹೆಂಟೆಯ ಒಳಭಾಗ ಬಿಗಿಯಾಗಿಯೇ ಇರುತ್ತದೆ. ಅಲ್ಲದೆ ಮಳೆ ಬಿದ್ದೊಡನೆ ಎರೆ ಉಬ್ಬಿ ಬಿರುಕು ಕೂಡಿಕೊಳ್ಳುತ್ತದೆ. ಗರಿಕೆ ಬೆಳೆಯಲು ಹೊರಡುವುದೂ ಆಗಲೇ.

ರೋಗವನ್ನು ಮೊದಲು ಪರೀಕ್ಷಿಸತಕ್ಕದ್ದು. ಹಳದಿಯಾದ ಕಡೆ ಗುದ್ದಲಿಯಿಂದ ಒಂದು ಗೇಣು ಆಳದ ಮಣ್ಣಿನ ಹೋಳನ್ನು ತೆಗೆದು ನೋಡಿ. ಬೇರೆಲ್ಲ ಮೇಲಿನ ಒಂದೆರಡು ಅಂಗುಲದಲ್ಲಿಯೇ ಅಡ್ಡಡ್ಡ ಹರಿದಿದ್ದರೆ, ಕೆಳಗಿನ ಮಣ್ಣು ಒತ್ತಾಗಿದ್ದು ಕೆಟ್ಟ ವಾಸನೆ ಹೊಡೆದರೆ, ಸಂಶಯ ಬೇಡ. ಹಾಗಲ್ಲದೆ ಹುಲ್ಲು ಮಾವಿನ ಮರದ ನೆರಳಿನಲ್ಲಿ ಸೊರಗಿದ್ದರೆ ನೆಲವನ್ನು ಎಷ್ಟು ತೂತುಮಾಡಿದರೂ ವ್ಯರ್ಥ; ಗರಿಕೆ ನೆರಳನ್ನು ಸಹಿಸದು.

ಮೊಳೆಯಂಥ ಗಟ್ಟಿ ಸಲಾಕಿಯಿಂದ ಚುಚ್ಚುವುದು ಸುಲಭ. ಆದರೆ ಜೇಡಿಯಲ್ಲಿ ಅದರಿಂದ ಅಷ್ಟು ಪ್ರಯೋಜನವಿಲ್ಲ. ಸಲಾಕಿ ಮಣ್ಣನ್ನು ತೆಗೆಯುವುದಿಲ್ಲ, ಪಕ್ಕಕ್ಕೆ ಒತ್ತುತ್ತದೆ. ತೂತಿನ ಗೋಡೆ ಮೆತ್ತಿದಂತೆ ನುಣುಪಾಗುತ್ತದೆ. ಬೇಕಾದದ್ದು ಟೊಳ್ಳು ಕೊಳವೆ. ಮುಕ್ಕಾಲು ಅಂಗುಲದ ಕಬ್ಬಿಣದ ಕೊಳವೆಯ ತುದಿಯನ್ನು ಹರಿತಮಾಡಿಸಿ, ಕಾಲಿನಿಂದ ಮೆಟ್ಟಲು ಒಂದು ಅಡ್ಡಪಟ್ಟಿಯನ್ನು ಬೆಸೆಯಿಸಿದರೆ ಸಾಕು, ಊರ ಕಮ್ಮಾರನೇ ಮಾಡಿಕೊಡುತ್ತಾನೆ. ಮೂರು ಅಂಗುಲ ಆಳಕ್ಕೆ, ಮೂರು ಮೂರು ಅಂಗುಲದ ಅಂತರದಲ್ಲಿ ಮೆಟ್ಟುತ್ತ ಹೋದರೆ, ಒಂದೊಂದು ಸಲವೂ ಹೊಸ ಮಣ್ಣು ಹಳೆಯದನ್ನು ಮೇಲಕ್ಕೆ ನೂಕಿ ಹೊರಕ್ಕೆ ಹಾಕುತ್ತದೆ. ಆ ಬಿಲ್ಲೆಗಳನ್ನು ಎಸೆಯಬಾರದು; ಒಣಗಿದಮೇಲೆ ಪುಡಿಮಾಡಿ ಪೊರಕೆಯಿಂದ ಹರಡಿ, ಜರಡಿಹಿಡಿದ ಹಳೆಯ ತಿಪ್ಪೆಗೊಬ್ಬರವನ್ನು ತೂತುಗಳಿಗೆ ಇಳಿಯುವಂತೆ ಗುಡಿಸಬೇಕು. ಕೆಲವರು ಒಂದೆರಡು ಬುಟ್ಟಿ ಮರಳನ್ನು ಎರೆಯಲ್ಲಿ ಕಲಸುತ್ತಾರೆ. ಜೇಡಿಯಲ್ಲಿ ಹುದುಗಿಹೋದ ಬಿಡಿ ಮರಳು ಹಾದಿಯನ್ನು ಮಾಡಲಾರದು. ಗೊಬ್ಬರವಾದರೆ ಎರೆಹುಳುಗಳನ್ನು ಕರೆಯುತ್ತದೆ. ಇವು ಕೂಲಿಯಿಲ್ಲದ ಕೆಲಸಗಾರರು. ಇಂಗ್ಲೆಂಡಿನ ಹಲವೆಡೆ ಅವು ವರ್ಷಕ್ಕೆ ಎಕರೆಗೆ 10 ಟನ್ನಿಗೂ ಮಿಗಿಲಾದ ಮಣ್ಣನ್ನು ಮೇಲೆ ತರುತ್ತವೆಂದು ಡಾರ್ವಿನ್ 1881ರ ತನ್ನ ಗ್ರಂಥದಲ್ಲಿ ಲೆಕ್ಕಹಾಕಿದ್ದಾನೆ.

ಕಾಲವನ್ನು ತಪ್ಪಿದರೆ ಶ್ರಮವೆಲ್ಲ ಹಾಳು. ಗರಿಕೆ ಸೆಕೆಯ ಹುಲ್ಲು. ಚಳಿಯಲ್ಲಿ ಮಂಕಾಗಿ ಗಾಯವನ್ನು ಮಾಯಿಸಲಾರದು. ರೋಹಿಣಿ, ಮೃಗಶಿರ ಮಳೆಗಳ ನಡುವೆ ನಾಲ್ಕು ದಿನ ಬಿಡುವು ಸಿಕ್ಕಾಗ ಕೆಲಸ ಹಿಡಿಯುವುದು ಲೇಸು. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಅಮುಕಿ ಬೆರಳಿನಿಂದ ತಟ್ಟಿದಾಗ ಅದು ಉದುರಬೇಕು. ಕೈಗೆ ಅಂಟಿದರೆ ಇನ್ನೂ ಕಾಯಬೇಕು. ಹಸಿ ಎರೆಯ ಮೇಲೆ ಕೆಲಸ ಮಾಡುವವನ ಕಾಲೇ ಅವನ ಕೆಲಸವನ್ನು ಕೆಡಿಸುತ್ತದೆ. ಹುಲ್ಲು ಒಂದೆರಡು ವಾರ ಸಿಡುಬು ಬಂದಂತೆ ಕಂಡರೂ ಗಾಬರಿಪಡಬೇಕಾಗಿಲ್ಲ. ಗಿಣ್ಣುಗಿಣ್ಣಿಗೂ ಬೇರುಬಿಡುವ ಬಳ್ಳಿ ಅದನ್ನು ಬೇಗ ಮುಚ್ಚುತ್ತದೆ.

ತುಳಿತ ನಿಲ್ಲದಿದ್ದಲ್ಲಿ ಇದನ್ನು ವರ್ಷವರ್ಷವೂ ಮಾಡಬೇಕಾಗುತ್ತದೆ. ಗೇಟಿನಿಂದ ಜಗುಲಿಗೆ ಮಕ್ಕಳೂ ಹಾಲಿನವರೂ ಹಾಯುವ ಅಡ್ಡದಾರಿಯಲ್ಲಿ ಮಾತ್ರ ಹುಲ್ಲಿನ ಆಸೆಯನ್ನು ಬಿಟ್ಟು, ಹೆಜ್ಜೆಗೊಂದರಂತೆ ಶಹಾಬಾದಿನ ಚಪ್ಪಡಿಗಳನ್ನು ಹಾಸಿಬಿಡುವುದು ಮೇಲು.