‘ಸಕ್ಕರೆ ಕಳ್ಳ’ನ ಹೆಸರಿನ ಏಳು ಮರಗಳು

ಬೋಟ್ಸ್ವಾನಾದ ಉತ್ತರ ಭಾಗದಲ್ಲಿ, ಕುಡಿಯಾಕಂ ಎಂಬ ಉಪ್ಪಿನ ಬಯಲಿನ ದಂಡೆಯಲ್ಲಿ ಏಳು ಬಾವೊಬಾಬ್ ಮರಗಳು ಒತ್ತಾಗಿ ನಿಂತಿವೆ. ಹತ್ತಿರದಲ್ಲಿ ಊರಿಲ್ಲ, ಅಂಗಡಿಯಿಲ್ಲ, ಕುಡಿಯುವ ನೀರಿಲ್ಲ. ಆದರೂ ಅಲ್ಲಿ ಒಂದು ರಾತ್ರಿ ಡೇರೆ ಹಾಕಿ ಮಲಗಲು ಜನ ತಿಂಗಳುಗಟ್ಟಲೆ ಮುಂಚೆಯೇ ಜಾಗ ಕಾದಿರಿಸುತ್ತಾರೆ. ಅವರನ್ನು ಅಲ್ಲಿಗೆ ಕರೆತಂದದ್ದು 1862ರ ಮೇ 22ರಂದು ಬರೆದ ಒಂದು ಚಿತ್ರ. ಬರೆದವನು ಥಾಮಸ್ ಬೇನ್ಸ್; ನಕ್ಷೆಯಲ್ಲಿ ಮರಗಳಿಗೂ ಅವನದೇ ಹೆಸರು. ಆ ಹೊತ್ತಿಗೆ ಅವನು ಸಕ್ಕರೆ ಕದ್ದನೆಂಬ ಆರೋಪ ಹೊತ್ತು ಕೆಲಸ ಕಳೆದುಕೊಂಡು ಮೂರು ವರ್ಷ ತುಂಬುತ್ತಾ ಬಂದಿತ್ತು. ಆರೋಪ ಹೊರಿಸಿದವನು ಆಫ್ರಿಕದ ಹೆಸರಾಂತ ಶೋಧಕ ಡೇವಿಡ್ ಲಿವಿಂಗ್‌ಸ್ಟನ್.

ಮೊದಲು ಆ ಬಯಲಿನ ಬಗ್ಗೆ ಎರಡು ಮಾತು. ಮಕ್ಗಾಡಿಕ್ಗಾಡಿ ಎಂದು ಕರೆಯುವ ಈ ಪ್ರದೇಶ ಸಾವಿರಾರು ವರ್ಷಗಳ ಹಿಂದೆ ಭಾರೀ ಸರೋವರವಾಗಿತ್ತು. ನದಿಗಳು ದಿಕ್ಕು ಬದಲಿಸಿದವು, ನೀರು ಆವಿಯಾಯಿತು, ತಳದಲ್ಲಿ ಉಪ್ಪು ಮತ್ತು ಜೇಡಿ ಉಳಿಯಿತು. ಸುವಾ, ನ್ಟ್ವೆಟ್ವೆ ಇಲ್ಲಿನ ಎರಡು ದೊಡ್ಡ ಬಯಲುಗಳು. ಕುಡಿಯಾಕಂನಂಥ ಚಿಕ್ಕವು ಹಲವಾರು. ಮಳೆಯಿಲ್ಲದ ತಿಂಗಳುಗಳಲ್ಲಿ ನೆಲ ಬೆಳ್ಳಗೆ ಬಿರುಕುಬಿಟ್ಟು ಕಣ್ಣು ಕುಕ್ಕುತ್ತದೆ. ಮಳೆಗಾಲದಲ್ಲಿ ಗೇಣುದ್ದ ನೀರು ನಿಂತು ಮತ್ತೆ ಕೆರೆಯಂತಾಗುತ್ತದೆ, ಸುವಾಕ್ಕೆ ರಾಜಹಂಸಗಳು ಮೊಟ್ಟೆಯಿಡಲು ಬರುತ್ತವೆ.

ಈ ನೆಲ ಬಿಳಿಯರಿಗೆ ಮೊದಲು ಪರಿಚಯವಾದದ್ದೇ ಒಂದು ಮೋಸದ ಮೂಲಕ. 1849ರಲ್ಲಿ ಲಿವಿಂಗ್‌ಸ್ಟನ್ ಮತ್ತು ವಿಲಿಯಂ ಕಾಟನ್ ಆಸ್ವೆಲ್ ಎಂಬ ಬೇಟೆಗಾರ ಎನ್‌ಗಾಮಿ ಸರೋವರ ಹುಡುಕುತ್ತಾ ಹೊರಟಿದ್ದರು. ಆಸ್ವೆಲ್ ನಮ್ಮ ಕಡೆಯ ಬಿಸಿಲು ಕಂಡವನೇ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯಾಗಿ ಮದ್ರಾಸ್ ಪ್ರಾಂತ್ಯದಲ್ಲಿದ್ದು, ಆರೋಗ್ಯ ಕೆಟ್ಟು ಆಫ್ರಿಕಕ್ಕೆ ಹೋದವನು. ಸಂಜೆಯ ಬೆಳಕಿನಲ್ಲಿ ಎದುರಿಗೆ ನೀಲಿ ನೀರು ಅಲೆಯಾಡುವುದು ಕಂಡು ಅವನು ಖುಷಿಯಿಂದ ಹ್ಯಾಟು ಮೇಲಕ್ಕೆಸೆದು ಕೂಗಿಕೊಂಡ. ಲಿವಿಂಗ್‌ಸ್ಟನ್ನನೂ ನಂಬಿದ. ಹತ್ತಿರ ಹೋದರೆ ಒಣ ಉಪ್ಪು, ಕಂಡದ್ದು ಬಿಸಿಲ್ಗುದುರೆ. ಸರೋವರ ಇನ್ನೂ ಬಹಳ ದೂರದಲ್ಲಿತ್ತು.

ಈಗ ಬೇನ್ಸ್‌ನ ಕಥೆಗೆ ಬರೋಣ. ಅವನು ಹುಟ್ಟಿದ್ದು 1820ರಲ್ಲಿ, ಇಂಗ್ಲೆಂಡಿನ ಕಿಂಗ್ಸ್ ಲಿನ್ ಎಂಬ ಬಂದರು ಪಟ್ಟಣದಲ್ಲಿ. ಹುಡುಗನಿದ್ದಾಗ ಸಾರೋಟುಗಳಿಗೆ ಬಣ್ಣ ಬಳಿದು ಚಿತ್ತಾರ ಬರೆಯುವ ಕೆಲಸ ಕಲಿತ. ಇಪ್ಪತ್ತೆರಡಕ್ಕೆ ಹಡಗು ಹತ್ತಿ ಕೇಪ್ ವಸಾಹತಿಗೆ ಬಂದ, ಗಡಿಯುದ್ಧಗಳಲ್ಲಿ ಸೈನ್ಯದ ಜತೆ ತಿರುಗಿ ಚಿತ್ರ ಬರೆದ. 1855ರಿಂದ 57ರವರೆಗೆ ಅಗಸ್ಟಸ್ ಗ್ರೆಗರಿಯ ತಂಡದಲ್ಲಿ ಉತ್ತರ ಆಸ್ಟ್ರೇಲಿಯಾ ಸುತ್ತಿದ. ಅಲ್ಲಿ ಅವನ ಕೆಲಸ ಮೆಚ್ಚಿ ಒಂದು ನದಿಗೆ ಅವನ ಹೆಸರಿಟ್ಟರು. ಹೀಗಾಗಿ 1858ರಲ್ಲಿ ಬ್ರಿಟಿಷ್ ಸರ್ಕಾರದ ದುಡ್ಡಿನಲ್ಲಿ ಲಿವಿಂಗ್‌ಸ್ಟನ್ ಜಾಂಬೆಜಿ ನದಿಯ ಶೋಧಕ್ಕೆ ಹೊರಟಾಗ, ಚಿತ್ರಕಾರನಾಗಿ ಬೇನ್ಸ್‌ನನ್ನು ಆರಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಯಡವಟ್ಟಾದದ್ದು ಅವನಿಗೆ ಉಗ್ರಾಣದ ಉಸ್ತುವಾರಿಯನ್ನೂ ವಹಿಸಿದ್ದರಿಂದ.

ಆ ತಂಡದಲ್ಲಿ ಯಾರಿಗೂ ಯಾರೊಂದಿಗೂ ಸರಿಹೋಗಲಿಲ್ಲ. ನೌಕಾಧಿಕಾರಿ ಬೆಡಿಂಗ್‌ಫೀಲ್ಡ್ ಮೊದಲ ವರ್ಷವೇ ಜಗಳವಾಡಿ ಹೊರಬಿದ್ದ. ಭೂವಿಜ್ಞಾನಿ ರಿಚರ್ಡ್ ಥಾರ್ನ್‌ಟನ್ ಎಂಬ ಹುಡುಗನನ್ನು ಸೋಮಾರಿಯೆಂದು ತೆಗೆದುಹಾಕಿದರು. ಲಿವಿಂಗ್‌ಸ್ಟನ್ನನ ತಮ್ಮ ಚಾರ್ಲ್ಸ್ ಸದಾ ಅಣ್ಣನ ಕಿವಿಯ ಹತ್ತಿರವೇ ಇರುತ್ತಿದ್ದ. ಬೇನ್ಸ್ ಟೇಟೆ ಎಂಬ ಪೋರ್ಚುಗೀಸ್ ಪಟ್ಟಣದಲ್ಲಿ ಜ್ವರದಿಂದ ಮಲಗಿ, ಕೆಲವೊಮ್ಮೆ ಮೈಮೇಲೆ ಎಚ್ಚರವಿಲ್ಲದ ಸ್ಥಿತಿಯಲ್ಲಿದ್ದಾಗ ಚಾರ್ಲ್ಸ್ ದೂರು ಹೇಳಿದ: ಉಗ್ರಾಣದ ಸಕ್ಕರೆ ಖಾಲಿಯಾಗುತ್ತಿದೆ, ತಂಡದ ಸಾಮಾನು ಪೋರ್ಚುಗೀಸರ ಮನೆ ಸೇರುತ್ತಿದೆ, ತಂಡದ ಬಣ್ಣದಲ್ಲಿ ಅಲ್ಲಿನ ವರ್ತಕರ ಭಾವಚಿತ್ರ ಬರೆಯುತ್ತಾ ಕೂತಿದ್ದಾನೆ. ಬೇನ್ಸ್ ಎಲ್ಲರೊಂದಿಗೂ ಬೇಗ ಸ್ನೇಹ ಬೆಳೆಸುವ, ಕೈ ಬಿಚ್ಚಿ ಕೊಡುವ ಸ್ವಭಾವದವನು. ಲೆಕ್ಕ ಇಡುವುದರಲ್ಲಿ ಅಷ್ಟು ಚುರುಕಿರಲಿಲ್ಲವೆಂದು ಒಪ್ಪಬಹುದು. ಆದರೆ ಕಳ್ಳತನವೇ ಬೇರೆ. 1859ರಲ್ಲಿ ಲಿವಿಂಗ್‌ಸ್ಟನ್ ಅವನನ್ನು ವಜಾ ಮಾಡಿದ. ‘ವಿಚಾರಣೆ ನಡೆಸಿ, ಎದುರಿಗೆ ನಿಲ್ಲಿಸಿ ಕೇಳಿ’ ಎಂದು ಬೇನ್ಸ್ ಪರಿಪರಿಯಾಗಿ ಬೇಡಿದ, ನಡೆಯಲಿಲ್ಲ. ಕೇಪ್‌ಟೌನಿನ ಗೆಳೆಯರು ಅವನ ಪರ ನಿಂತರು. ಇಂದು ಆ ದಾಖಲೆಗಳನ್ನು ಓದಿದ ಇತಿಹಾಸಕಾರರಲ್ಲೂ ಹೆಚ್ಚಿನವರು ಬೇನ್ಸ್‌ಗೆ ಅನ್ಯಾಯವಾಯಿತೆಂದೇ ಹೇಳುತ್ತಾರೆ. ಲಿವಿಂಗ್‌ಸ್ಟನ್ ಮಾತ್ರ ಸಾಯುವವರೆಗೂ ಆ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ. ಮಹಾತ್ಮರೆಂದು ನಾವು ಪಾಠದಲ್ಲಿ ಓದಿದವರ ಇಂಥ ಮೊಂಡುತನ ಕಂಡಾಗ ಕಸಿವಿಸಿಯಾಗುತ್ತದೆ.

ಬೇರೆಯವರಾಗಿದ್ದರೆ ಇಂಗ್ಲೆಂಡಿನ ಹಡಗು ಹಿಡಿಯುತ್ತಿದ್ದರು. ಬೇನ್ಸ್ 1861ರಲ್ಲಿ ಆಫ್ರಿಕದ ಪಶ್ಚಿಮ ಕರಾವಳಿಯ ವಾಲ್ವಿಸ್ ಬೇಗೆ ಬಂದು ಜೇಮ್ಸ್ ಚಾಪ್ಮನ್ ಎಂಬ ವ್ಯಾಪಾರಿಯನ್ನು ಕೂಡಿಕೊಂಡ. ಚಾಪ್ಮನ್‌ಗೆ ಬೇಟೆ, ದಂತದ ವ್ಯಾಪಾರದ ಜತೆಗೆ ಫೋಟೊ ತೆಗೆಯುವ ಹುಚ್ಚು. ಆ ಕಾಲದ ಭಾರದ ಕ್ಯಾಮೆರಾ, ಗಾಜಿನ ಫಲಕ, ರಾಸಾಯನಿಕಗಳನ್ನೆಲ್ಲ ಎತ್ತಿನ ಗಾಡಿಯಲ್ಲಿ ಹೇರಿಕೊಂಡಿದ್ದ. ಬೇನ್ಸ್ ಜತೆಗೆ ಬಿಡಿ ಭಾಗಗಳಾಗಿ ಕಳಚಿದ ತಾಮ್ರದ ದೋಣಿ. ಪಶ್ಚಿಮ ಕರಾವಳಿಯಿಂದ ಮರುಭೂಮಿ ದಾಟಿ ವಿಕ್ಟೋರಿಯಾ ಜಲಪಾತ ತಲುಪುವುದು, ಅಲ್ಲಿಂದ ಕೆಳಗೆ ದೋಣಿ ಜೋಡಿಸಿ ಜಾಂಬೆಜಿಯಲ್ಲಿ ತೇಲುತ್ತಾ ಪೂರ್ವದ ಸಮುದ್ರ ಸೇರುವುದು ಅವರ ಯೋಜನೆ. ಅಂದರೆ ತನ್ನನ್ನು ಹೊರಗಟ್ಟಿದವನ ನದಿಗೇ ಮೇಲಿನಿಂದ ಇಳಿದು ಬರುವುದು! ಛಲವೆಂದರೆ ಇದು.

1862ರ ಮೇ ತಿಂಗಳಲ್ಲಿ ಗಾಡಿಗಳು ನ್ಟ್ವೆಟ್ವೆಯ ಅಂಚಿಗೆ ಬಂದವು. ಅದಕ್ಕೆ ಒಂದು ತಿಂಗಳು ಕೂಡ ಮುಂಚೆಯಲ್ಲ, ಏಪ್ರಿಲ್ 27ರಂದು, ಜಾಂಬೆಜಿ ನದಿಯ ಕೆಳಭಾಗದ ಶುಪಾಂಗದಲ್ಲಿ ಲಿವಿಂಗ್‌ಸ್ಟನ್ನನ ಹೆಂಡತಿ ಮೇರಿ ಜ್ವರದಿಂದ ತೀರಿಕೊಂಡಿದ್ದಳು. ಸುದ್ದಿ ಇವರಿಗೆ ತಲುಪುವ ದಾರಿಯಿರಲಿಲ್ಲ.

ಮೇ 22ರಂದು ಬೇನ್ಸ್ ಬಂದೂಕು ಹಿಡಿದು ಒಬ್ಬನೇ ಬೇಟೆಗೆ ಹೋಗಿ, ಸುತ್ತಿ ಸುಸ್ತಾಗಿ, ಬರಿಗೈಯಲ್ಲಿ ಈ ಮರಗಳ ಬುಡಕ್ಕೆ ಬಂದ. ಅವನ ದಿನಚರಿಯ ವಿವರ ಚೊಕ್ಕವಾಗಿದೆ. ಪೂರ್ತಿ ಬೆಳೆದ ಮರ ಐದು, ಎಳೆಯವು ಎರಡೋ ಮೂರೋ. ಒಂದು ಭಾರೀ ಕಾಂಡ ಉರುಳಿ ನೆಲಕ್ಕೊರಗಿದೆ, ಆದರೂ ಸತ್ತಿಲ್ಲ. ಮಲಗಿದಲ್ಲೇ ಕೊಂಬೆ ಚಾಚಿ ಚಿಗುರಿದೆ. ಕಾಂಡಗಳ ಬಣ್ಣ ಒರಟು ಬೂದಿ. ಹಳೆ ತೊಗಟೆ ಸುರುಳಿಸುತ್ತಿ ಉದುರಿದ ಕಡೆ ಮಾತ್ರ ತಾಮ್ರದ ಹೊಳಪಿನ ಕೆಂಪು, ಹಳದಿ. ಸಾರೋಟಿಗೆ ಬಣ್ಣ ಬಳಿದ ಕಣ್ಣಿಗಲ್ಲದೆ ಈ ವ್ಯತ್ಯಾಸ ಮತ್ತಾರಿಗೆ ಕಂಡೀತು?

ಅವನು ಬರೆದ ಚಿತ್ರವನ್ನೂ ಇಂದಿನ ಫೋಟೊವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಅಚ್ಚರಿಯಾಗುತ್ತದೆ. ಒಂದೂವರೆ ಶತಮಾನ ಕಳೆದರೂ ಕೊಂಬೆಗಳ ವಿನ್ಯಾಸ ಬಹುತೇಕ ಹಾಗೆಯೇ ಇದೆ. ಬಿದ್ದ ಕಾಂಡ ಬಿದ್ದಲ್ಲೇ ಇದೆ, ಚಿಗುರುತ್ತಲೇ ಇದೆ. ಪ್ರವಾಸಿಗರಿಗೆ ಇಲ್ಲಿ ಸಿಗುವ ದೊಡ್ಡ ಸುಖ ಇದೇ ಹೋಲಿಕೆ. ಚಿತ್ರದ ಪ್ರತಿ ಹಿಡಿದು ಬೇನ್ಸ್ ಕೂತ ಜಾಗ ಯಾವುದಿರಬಹುದೆಂದು ಹುಡುಕುವವರೂ ಇದ್ದಾರೆ.

ಗಾಡಿಗಳು ಮುಂದೆ ಸಾಗಿ ಜುಲೈನಲ್ಲಿ ಜಲಪಾತ ಮುಟ್ಟಿದವು. ಚಾಪ್ಮನ್ ಎಷ್ಟು ಹೆಣಗಿದರೂ ಜಲಪಾತದ ಫೋಟೊ ಮೂಡಲಿಲ್ಲ. ಬೇನ್ಸ್‌ನ ಕುಂಚ ಕೈಕೊಡಲಿಲ್ಲ. ವಿಕ್ಟೋರಿಯಾ ಜಲಪಾತವನ್ನು ಕಣ್ಣಾರೆ ಕಂಡು ಚಿತ್ರಿಸಿದ ಮೊದಲ ಕಲಾವಿದನಾದ. 1865ರಲ್ಲಿ ಲಂಡನ್ನಿನಲ್ಲಿ ಅವು ಪುಸ್ತಕವಾಗಿ ಬಂದವು. ಲಿವಿಂಗ್‌ಸ್ಟನ್ ಹೆಸರಿಟ್ಟ ಜಲಪಾತವನ್ನು ಇಂಗ್ಲೆಂಡಿನ ಜನ ಬಣ್ಣದಲ್ಲಿ ನೋಡಿದ್ದು ಅವನು ಕಳ್ಳನೆಂದವನ ಕೈಯಿಂದ. ದೋಣಿ ಪಯಣ ಮಾತ್ರ ಜ್ವರ, ಬರಗಳ ನಡುವೆ ಮುರಿದುಬಿತ್ತು. ಬೇನ್ಸ್ 1875ರಲ್ಲಿ ಡರ್ಬನ್ನಿನಲ್ಲಿ ತೀರಿಕೊಂಡ. ಲಿವಿಂಗ್‌ಸ್ಟನ್ ಅಷ್ಟರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಮಣ್ಣಾಗಿದ್ದ.

ಆಮೇಲಿನ ನೂರು ವರ್ಷ ಈ ಮರಗಳ ಕಡೆ ಹೇಳಿಕೊಳ್ಳುವಂಥದ್ದು ಹೆಚ್ಚಿಲ್ಲ. ಪಾಂಡಮಟೆಂಗ ಎಂಬ ದಾರಿಯಲ್ಲಿ ದನಗಳನ್ನು ಹೊಡೆದುಕೊಂಡು ಹೋಗುವವರು 1963ರವರೆಗೂ ಓಡಾಡುತ್ತಿದ್ದರು. 1966ರಲ್ಲಿ ದೇಶ ಸ್ವತಂತ್ರವಾಯಿತು. 1992ರಲ್ಲಿ ನ್ಕ್ಸಾಯ್ ಪ್ಯಾನ್ ರಾಷ್ಟ್ರೀಯ ಉದ್ಯಾನವಾದಾಗ ಗಡಿ ಹಿಗ್ಗಿಸಿ ಈ ಮರಗಳನ್ನೂ ಒಳಗೆ ಸೇರಿಸಿಕೊಂಡರು. ನಾಟಾದಿಂದ ಮೌನ್‌ಗೆ ಡಾಂಬರು ರಸ್ತೆ ಬಂದ ಮೇಲೆ, ಛಾವಣಿಯ ಮೇಲೆ ಡೇರೆ ಕಟ್ಟಿದ ಜೀಪುಗಳು ದಕ್ಷಿಣ ಆಫ್ರಿಕದಿಂದ ಸಾಲುಗಟ್ಟಿದವು. ಬೇನ್ಸ್‌ಗಿಂತ ಎಷ್ಟೋ ಮೊದಲೇ ಈ ಮರಗಳ ನೆರಳು, ಹಣ್ಣು, ಪೊಟರೆಯ ನೀರು ಬಳಸಿ ಬದುಕಿದ ಸ್ಯಾನ್ ಜನರ ಹೆಸರು ಮಾತ್ರ ಯಾವ ಫಲಕದಲ್ಲೂ ಬೀಳಲಿಲ್ಲ.

ಮೊದಮೊದಲು ಬಂದವರು ಮರದ ಬುಡದಲ್ಲೇ ಒಲೆ ಹೂಡುತ್ತಿದ್ದರು. ಈಗ ಹಾಗಿಲ್ಲ. ಮರಗಳಿಂದ ದೂರಕ್ಕೆ ಮೂರೇ ಮೂರು ಬಿಡಾರದ ಜಾಗಗಳನ್ನು ಗುರುತಿಸಿದ್ದಾರೆ. ಬೇಲಿಯಿಲ್ಲ; ಗುಂಡಿ ಕಕ್ಕಸು, ನೀರು ನೀವೇ ತುಂಬಿಸಿಕೊಳ್ಳಬೇಕಾದ ತೂಗುಬಕೀಟಿನ ಸ್ನಾನ, ಇಷ್ಟೇ ಸೌಕರ್ಯ. ರಾತ್ರಿ ಆನೆ ಬರಬಹುದು, ಸಿಂಹದ ಕೂಗು ಕೇಳಬಹುದು. ಮಳೆ ಬಿದ್ದ ತಿಂಗಳುಗಳಲ್ಲಿ ನ್ಕ್ಸಾಯ್ ಕಡೆಗೆ ಚೋಬೆ ನದಿಯಿಂದ ಸಾವಿರಾರು ಜೀಬ್ರಾಗಳು ಬರುತ್ತವೆ. ಹೋಗಿ ಬರುವ ದಾರಿ ಸುಮಾರು 500 ಕಿಲೋಮೀಟರ್. ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಈ ವಲಸೆಯನ್ನು ವಿಜ್ಞಾನಿಗಳು ಪತ್ತೆಹಚ್ಚಿದ್ದು 2012ರ ಸುಮಾರಿಗೆ.

ಇದೇ ಬಗೆಯ ಇನ್ನೊಂದು ತಾಣ ಸುವಾ ಬಯಲಿನ ಕುಬು ದ್ವೀಪ. ಉಪ್ಪಿನ ನಡುವೆ ಎದ್ದ ಬಂಡೆಗುಡ್ಡ, ಮೇಲೆ ಬಾವೊಬಾಬ್‌ಗಳು, ಹಳೆಯ ಕಲ್ಲುಗೋಡೆ. 2007ರಲ್ಲಿ ‘ಟಾಪ್ ಗೇರ್’ ಟಿವಿ ತಂಡ ಹಳೆ ಕಾರುಗಳಲ್ಲಿ ಉಪ್ಪಿನ ಬಯಲು ದಾಟಿ ಅಲ್ಲಿಗೆ ಬಂದದ್ದನ್ನು ಜಗತ್ತೇ ನೋಡಿತು. ಅದನ್ನು ನೋಡಿಕೊಳ್ಳುವುದು ಮಟ್‌ಶುಮೊ ಹಳ್ಳಿಯವರ ಟ್ರಸ್ಟ್. ಬಿಡಾರದ ಶುಲ್ಕ ಊರಿಗೇ ಸೇರುತ್ತದೆ. ಬೇನ್ಸ್ ಮರಗಳ ಕಡೆಯವರೂ ಅದನ್ನು ನೋಡಿ ಕಲಿಯಬಹುದು.

ಎಲ್ಲ ಮರಗಳಿಗೂ ಬೇನ್ಸ್ ಮರಗಳ ಅದೃಷ್ಟವಿರಲಿಲ್ಲ. ಗ್ವೆಟಾ ಊರಿನ ದಕ್ಷಿಣಕ್ಕೆ ಚಾಪ್ಮನ್ ಹೆಸರಿನ ದೈತ್ಯ ಬಾವೊಬಾಬ್ ಇತ್ತು. ಅದರ ಪೊಟರೆ ಹಿಂದೆ ದಾರಿಹೋಕರ ಅಂಚೆಪೆಟ್ಟಿಗೆ. ಬಂದವರು ಕಾಗದ ಇಟ್ಟು ಹೋಗುತ್ತಿದ್ದರು, ಆ ದಿಕ್ಕಿಗೆ ಹೊರಟವರು ಒಯ್ಯುತ್ತಿದ್ದರು. ಹತ್ತಿರದ ಇನ್ನೊಂದು ಮರದ ಮೇಲೆ 1858–59ರಲ್ಲಿ ಗ್ರೀನ್ ಸೋದರರ ತಂಡ ಕೆತ್ತಿದ ಅಕ್ಷರಗಳು ಇವೆ. ಅದನ್ನು ನೋಡಿ ಆಮೇಲೆ ಬಂದವರೆಲ್ಲ ಚಾಕು ಹಿರಿದರು. ಚಾಪ್ಮನ್ ಮರ 2016ರ ಜನವರಿಯಲ್ಲಿ ಉರುಳಿತು. ಅದರ ವಯಸ್ಸು ಸುಮಾರು 1400 ವರ್ಷ. ರುಮೇನಿಯಾದ ಆಡ್ರಿಯನ್ ಪತ್ರುತ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಲೆಕ್ಕ ಇನ್ನೂ ಕಳವಳದ್ದು: ಆಫ್ರಿಕದ ಅತಿ ಹಳೆಯ 13 ಬಾವೊಬಾಬ್‌ಗಳಲ್ಲಿ 9, ಹನ್ನೆರಡೇ ವರ್ಷಗಳಲ್ಲಿ ಪೂರ್ತಿ ಸತ್ತಿವೆ ಅಥವಾ ಅವುಗಳ ಹಳೆಯ ಕಾಂಡಗಳು ಕುಸಿದಿವೆ. ಹವಾಮಾನ ಬದಲಾವಣೆಯ ಪಾಲಿದೆಯೆಂಬುದು ಅವರ ಗುಮಾನಿ, ರುಜುವಾತಾಗಿಲ್ಲ.

ಬಾವೊಬಾಬ್‌ಗಳು ನಮ್ಮಲ್ಲೂ ಇವೆ. ಹಾವೇರಿ ಜಿಲ್ಲೆಯ ಸವಣೂರಿನ ಮಠದ ಆವರಣದಲ್ಲಿ ದೊಡ್ಡಹುಣಸೆ ಎಂದು ಜನ ಪೂಜಿಸುವ ಮರಗಳು ಇದೇ ಜಾತಿಯವು, ಆಫ್ರಿಕದಿಂದ ಬಂದವು. ಅವುಗಳಲ್ಲೊಂದು ಈಚೆಗೆ ಮಳೆಗಾಲದಲ್ಲಿ ಬುಡಮೇಲಾದಾಗ ಕೊಂಬೆ ಸವರಿ, ಯಂತ್ರ ತಂದು ಎತ್ತಿ ಮತ್ತೆ ನೆಟ್ಟರು. ಚಾಪ್ಮನ್ ಮರ ಬಿದ್ದಲ್ಲೇ ಬಿತ್ತು. ಅದನ್ನು ಎತ್ತುವಷ್ಟು ಜನರೂ ಅಲ್ಲಿರಲಿಲ್ಲ.

ಬೇನ್ಸ್ ಮರಗಳನ್ನು ನೋಡಬೇಕೆನ್ನುವವರು ಮೇ ತಿಂಗಳಿಂದ ಅಕ್ಟೋಬರ್ ಒಳಗೆ ಹೋಗುವುದು ಒಳ್ಳೆಯದು. ಫೋರ್‌ವೀಲ್ ಡ್ರೈವ್ ಬೇಕೇ ಬೇಕು, ಎರಡು ಗಾಡಿಯಿದ್ದರೆ ಕ್ಷೇಮ. ನೀರು, ಡೀಸೆಲ್, ಸೌದೆ ಎಲ್ಲ ಜತೆಗಿರಬೇಕು, ಕಸವನ್ನು ವಾಪಸು ತರಬೇಕು. ಬಯಲಿನ ಮೇಲೆ ಹಳೆಯ ಜಾಡು ಬಿಟ್ಟು ಗಾಡಿ ಇಳಿಸಬಾರದು. ಮೇಲ್ಪದರ ಗಟ್ಟಿಯಾಗಿ ಕಂಡರೂ ಒಳಗೆ ಕೆಸರು. ಚಕ್ರ ಹೂತರೆ ದಿನವಿಡೀ ಅಗೆಯಬೇಕು, ಅಚ್ಚು ವರ್ಷಗಟ್ಟಲೆ ಮಾಸುವುದಿಲ್ಲ. ಮರದ ಮೇಲೆ ಹೆಸರು ಕೆತ್ತುವ ಚಟವಿರುವವರು ಮಾತ್ರ ದಯವಿಟ್ಟು ಮೌನ್ ಪಟ್ಟಣದಲ್ಲೇ ಉಳಿದುಬಿಡಿ.