ಅಧ್ಯಕ್ಷ ಪೀಠವೂ ಅಡಕೆಯ ತೋಟವೂ

ಅಧ್ಯಕ್ಷರೆಂಬ ಮಾತು ಕಿವಿಗೆ ಬಿದ್ದೊಡನೆ ನಗರವಾಸಿಗಳಾದ ನಮ್ಮ ಮನಸ್ಸು ರಾಜಧಾನಿಗಳ ಕಡೆಗೆ ಹರಿಯುವುದು ಸಹಜ. ಆದರೆ ಪುತ್ತೂರು, ಸುಳ್ಯ, ಕಡಬಗಳ ತೋಟಿಗರಿಗೆ ಈ ಪದವು ಚಿರಪರಿಚಿತವಾದುದು ಸಹಕಾರ ಸಂಘದ ಲೆಕ್ಕಪುಸ್ತಕದ ಮೂಲಕ ಎಂದರೆ ತಪ್ಪಾಗಲಾರದು.

ಅಡಕೆಯ ಸಸಿಯನ್ನು ನೆಟ್ಟವನು ಫಲಕ್ಕಾಗಿ ಐದಾರು ವರ್ಷ ಕಾಯಬೇಕು. ಅಷ್ಟು ಕಾಲ ಸಂಸಾರ ಸಾಗಬೇಕಾದರೆ ಸಾಲವೇ ಗತಿ. ೧೯೦೪ರ ಸಹಕಾರ ಕಾಯಿದೆಯು ಇದಕ್ಕೊಂದು ಉಪಾಯವನ್ನು ತೋರಿತು. ಹಳ್ಳಿಗರು ಸಂಘ ಕಟ್ಟಿಕೊಂಡು ತಮ್ಮತಮ್ಮೊಳಗೆ ಸಾಲ ಕೊಡಬಹುದು. ಆದರೆ ಆಗ ಗ್ರಾಮಸಂಘಗಳಲ್ಲಿ ಸಾಮಾನ್ಯವಾಗಿ ಹೊಣೆಗೆ ಮಿತಿಯಿರಲಿಲ್ಲ. ಒಬ್ಬನು ತೀರಿಸದಿದ್ದರೆ ನೆರೆಯವನ ಆಸ್ತಿಗೂ ಸಂಚಕಾರ! ಇಂತಹ ಸಂಘದ ಅಧ್ಯಕ್ಷತೆಯು ಹಾರತುರಾಯಿಯ ವಿಷಯವಲ್ಲವಷ್ಟೆ. ಯಾರಿಗೆ ಸಾಲ ಸಲ್ಲುವುದು, ಯಾರಿಗೆ ಸಲ್ಲದು ಎಂಬುದನ್ನು ನೆಂಟರಿಷ್ಟರ ಮುಖ ನೋಡದೆ ಹೇಳುವ ಧೈರ್ಯ ಬೇಕು; ಹೇಳಿದುದನ್ನು ಪ್ರಶ್ನಿಸುವ ಸದಸ್ಯರೂ ಬೇಕು. ೧೯೧೨ರ ಕಾಯಿದೆಯು ಸಂಘಗಳ ಮೇಲೆ ಕೇಂದ್ರ ಬ್ಯಾಂಕುಗಳನ್ನು ರಚಿಸಲು ಎಡೆಗೊಟ್ಟಿತು. ಎರಡೇ ವರ್ಷಗಳಲ್ಲಿ, ೧೯೧೪ರಲ್ಲಿ, ವಕೀಲರಾದ ಮೊಳಹಳ್ಳಿ ಶಿವರಾಯರು ಜಿಲ್ಲೆಯ ಕೇಂದ್ರ ಬ್ಯಾಂಕನ್ನು ಪುತ್ತೂರಿನಲ್ಲಿ ಸ್ಥಾಪಿಸಿದರು. ಆಗ ದಕ್ಷಿಣ ಕನ್ನಡವು ಮದರಾಸು ಪ್ರಾಂತಕ್ಕೆ ಸೇರಿದ್ದಿತು.

೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು, ಪುತ್ತೂರು ಮೈಸೂರಿಗೆ ಬಂದಿತು. ಗಡಿ ಎರಡಾದರೂ ಅಡಕೆ ಒಂದೇ, ಅದರ ಸಂಕಟವೂ ಒಂದೇ. ಎಪ್ಪತ್ತರ ದಶಕದ ಮೊದಲಲ್ಲಿ ಧಾರಣೆ ಕುಸಿದಾಗ ಎರಡೂ ರಾಜ್ಯಗಳ ಬೆಳೆಗಾರರು ಕೂಡಿ ೧೯೭೩ರ ಜುಲೈಯಲ್ಲಿ ಕ್ಯಾಂಪ್ಕೋ ಸಂಸ್ಥೆಯನ್ನು ಕಟ್ಟಿದರು. ವಾರಣಾಸಿ ಸುಬ್ರಾಯ ಭಟ್ಟರು ಅದರ ಸ್ಥಾಪಕಾಧ್ಯಕ್ಷರು. ಸಂಸ್ಥೆಯೇ ಮಾರುಕಟ್ಟೆಗಿಳಿದು ಕೊಳ್ಳತೊಡಗಿದರೆ ವರ್ತಕರು ಧಾರಣೆಯನ್ನು ಮನಬಂದಂತೆ ಇಳಿಸಲಾರರು. ಆದರೆ ವರ್ತಕನು ಒಂದು ದಿನ ನಾಲ್ಕು ಕಾಸು ಹೆಚ್ಚು ಕೊಡುವೆನೆಂದಾಗ ಬೆಳೆಗಾರನು ಅತ್ತ ಓಡಿದರೆ ಅಧ್ಯಕ್ಷರು ಮಾಡುವುದೇನು? ಅವರ ಬಲವೆಲ್ಲವೂ ಆ ಬೆಳೆಗಾರನ ನಿಷ್ಠೆಯಲ್ಲಿಯೇ ಇರುವುದು.

ಕೆಲವೇ ವರ್ಷಗಳಲ್ಲಿ ಕೋಕೋ ಬೆಳೆಗೂ ಕೊಳ್ಳುವವರಿಲ್ಲದಂತಾಯಿತು. ಸಂಸ್ಥೆಯು ಅದನ್ನೂ ಕೊಂಡು, ೧೯೮೬ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ತೆರೆಯಿತು. ಅದನ್ನು ಉದ್ಘಾಟಿಸಿದವರು ರಾಷ್ಟ್ರಪತಿ ಜೈಲ್ ಸಿಂಗರು. ಅಂತಹ ಸಮಾರಂಭದಲ್ಲಿ ಕಣ್ಣೆಲ್ಲ ರಾಷ್ಟ್ರಪತಿಗಳ ಮೇಲೆಯೇ ನೆಡುವುದು; ನನಗಾದರೋ, ಬೆಲೆಯಿಲ್ಲದ ಕಾಲದಲ್ಲಿ ಕೋಕೋ ಗಿಡಗಳನ್ನು ಕಡಿಯದೆ ಉಳಿಸಿಕೊಂಡ ರೈತರೇ ಹೆಚ್ಚು ಗಣ್ಯರಾಗಿ ತೋರುವರು.

ಕಡಬವು ಈಗ ಬೇರೆ ತಾಲ್ಲೂಕಾಗಿದೆ. ಪಂಚಾಯಿತಿಗಳಲ್ಲಿಯೂ ಚುನಾಯಿತ ಅಧ್ಯಕ್ಷರಿರುವರು. ಸಂಘಗಳ ಮಹಾಸಭೆಗೆ ಲಾಭಾಂಶವನ್ನು ಕೇಳಲು ಮಾತ್ರ ಹೋಗುವವರೂ ಇಲ್ಲದಿಲ್ಲ. ಅತ್ತ ಸುಳ್ಯದ ಸಂಪಾಜೆಯ ಕಡೆ ಹಳದಿ ಎಲೆ ರೋಗವು ತೋಟಗಳನ್ನು ಹಾಳುಗೆಡವುತ್ತಿದೆ. ಅದಕ್ಕೆ ಪೂರ್ಣ ಪರಿಹಾರವಿನ್ನೂ ದೊರೆತಿಲ್ಲ. ಸೊರಗಿದ ತೋಟದವನ ಹಳೆಯ ಸಾಲಕ್ಕೆ ಗಡುವು ಕೊಡಬೇಕೆ, ಬೇರೆ ಬೆಳೆಗೆಂದು ಹೊಸ ಸಾಲವನ್ನೂ ಕೊಡಬೇಕೆ, ಕೊಟ್ಟರೆ ನಷ್ಟವನ್ನು ರೋಗ ತಾಗದ ತೋಟದವರು ಹೊರಲೊಪ್ಪುವರೆ? ಇದನ್ನು ಅಧ್ಯಕ್ಷರೊಬ್ಬರೇ ತೀರ್ಮಾನಿಸುವಂತಿಲ್ಲ. ಮಹಾಸಭೆಯಲ್ಲಿ ಕೈಯೆತ್ತಬೇಕಾದವರು ಸದಸ್ಯರು.