ಜೆರಾಕ್ಸ್ ಪುಟಗಳು ಗೆದ್ದ ಹಕ್ಕು

ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದ ರಾಮೇಶ್ವರಿ ಫೋಟೊಕಾಪಿ ಸರ್ವಿಸ್ ಒಂದು ಪುಟ್ಟ ಅಂಗಡಿ. ಅಧ್ಯಾಪಕರು ಹತ್ತಾರು ಪುಸ್ತಕಗಳಿಂದ ಪಾಠಕ್ಕೆ ಬೇಕಾದ ಅಧ್ಯಾಯಗಳನ್ನಷ್ಟೇ ಆರಿಸಿ ಪಟ್ಟಿ ಮಾಡುತ್ತಿದ್ದರು. ಅಂಗಡಿಯವರು ಅವನ್ನು ಜೆರಾಕ್ಸ್ ಮಾಡಿ, ಬೈಂಡ್ ಹಾಕಿ, ಪುಟಕ್ಕೆ 40 ಪೈಸೆಯಂತೆ ಕೊಡುತ್ತಿದ್ದರು. ಈ 'ಕೋರ್ಸ್ ಪ್ಯಾಕ್' ಇಲ್ಲದಿದ್ದರೆ, ಒಂದೊಂದು ಅಧ್ಯಾಯಕ್ಕಾಗಿ ಒಂದೊಂದು ದುಬಾರಿ ಪುಸ್ತಕ ಕೊಳ್ಳುವುದು ಎಷ್ಟು ವಿದ್ಯಾರ್ಥಿಗಳ ಕೈಯಲ್ಲಾದೀತು?

2012ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ಟೇಲರ್ ಅಂಡ್ ಫ್ರಾನ್ಸಿಸ್ ಪ್ರಕಾಶನ ಸಂಸ್ಥೆಗಳು ಅಂಗಡಿ ಹಾಗೂ ದೆಹಲಿ ವಿಶ್ವವಿದ್ಯಾಲಯದ ಮೇಲೆ ಹೈಕೋರ್ಟಿನಲ್ಲಿ ದಾವೆ ಹೂಡಿದವು. ಅಕ್ಟೋಬರ್‌ನಲ್ಲಿ ಕೋರ್ಸ್ ಪ್ಯಾಕ್‌ಗಳಿಗೆ ತಡೆ ಬಿತ್ತು. ವಿದ್ಯಾರ್ಥಿಗಳು ಸುಮ್ಮನಿರಲಿಲ್ಲ, ಸಂಘ ಕಟ್ಟಿಕೊಂಡು ತಾವೂ ಪ್ರಕರಣದಲ್ಲಿ ಪ್ರತಿವಾದಿಗಳಾದರು. ಅಧ್ಯಾಪಕರೂ ಜೊತೆಗೂಡಿದರು. ಆಕ್ಸ್‌ಫರ್ಡ್‌ನ ಲೇಖಕರೇ ಆದ ಅಮರ್ತ್ಯ ಸೇನ್ ಈ ದಾವೆ ಬೇಡವೆಂದು ಪ್ರಕಾಶಕರಿಗೆ ಪತ್ರ ಬರೆದರು.

ವಾದವೆಲ್ಲ ನಿಂತದ್ದು 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮಿನ ಮೇಲೆ. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಕೃತಿಯನ್ನು ನಕಲು ಮಾಡಿದರೆ ಅದು ಉಲ್ಲಂಘನೆಯಲ್ಲ ಎನ್ನುತ್ತದೆ ಆ ಕಲಮು. ಬೋಧನೆಯೆಂದರೆ ತರಗತಿಯ ಒಂದು ಗಂಟೆಯಷ್ಟೇ ಎಂದು ಪ್ರಕಾಶಕರು ವಾದಿಸಿದರು. 2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ಅದನ್ನು ಒಪ್ಪಲಿಲ್ಲ. ಹಿಂದೆ ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಕೂತು ಕೈಯಿಂದ ಬರೆದುಕೊಳ್ಳುತ್ತಿದ್ದುದನ್ನು ಇಂದು ಯಂತ್ರ ಮಾಡಿದ ಮಾತ್ರಕ್ಕೆ ತಪ್ಪಾಗದು, ಹಕ್ಕುಸ್ವಾಮ್ಯ ದೈವದತ್ತ ಹಕ್ಕೂ ಅಲ್ಲ ಎಂದರು. ಡಿಸೆಂಬರ್‌ನಲ್ಲಿ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಈ ತತ್ವವನ್ನು ಎತ್ತಿಹಿಡಿಯಿತು. ಆದರೆ ಆಯ್ದ ಪುಟಗಳೆಲ್ಲ ಬೋಧನೆಗೆ ನಿಜಕ್ಕೂ ಅಗತ್ಯವೇ ಎಂಬ ಪ್ರಶ್ನೆಯನ್ನು ವಿಚಾರಣೆಗೆ ಮರಳಿಸಿತು. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ದಾವೆಯನ್ನೇ ಹಿಂಪಡೆದರು. ಹಕ್ಕುದಾರರ ಸಂಸ್ಥೆಯೊಂದು ಸಲ್ಲಿಸಿದ ಮೇಲ್ಮನವಿಯನ್ನು ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಳ್ಳಿಹಾಕಿತು.

ಹೀಗೆ, ಕಲಿಕೆಗಾಗಿ ನಕಲು ಮಾಡುವುದು ಪ್ರಕಾಶಕರ ಕೃಪೆಯಲ್ಲ, ಕಾನೂನು ಕೊಟ್ಟ ಹಕ್ಕು ಎಂಬುದು ಗಟ್ಟಿಯಾಯಿತು. ಆದರೆ ಜೆರಾಕ್ಸ್ ಮಾಡಲು ಗ್ರಂಥಾಲಯದಲ್ಲಿ ಒಂದಾದರೂ ಪ್ರತಿ ಇರಬೇಕು. ಆ ಒಂದು ಪ್ರತಿಯೂ ಇಲ್ಲದ ಊರುಗಳ ಕಾಲೇಜಿಗೆ ಈ ತೀರ್ಪು ಸಾಲದು; ಅಲ್ಲಿಗೆ ಮುಕ್ತ ಪರವಾನಗಿಯೇ ಬೇಕು. ಮೈಸೂರು ವಿಶ್ವವಿದ್ಯಾಲಯ 2014ರಲ್ಲಿ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟುಕೊಟ್ಟು ದಾರಿ ತೋರಿಸಿದೆ. ಯಾರನ್ನೂ ಕೇಳದೆ ಅದನ್ನು ಓದಬಹುದು, ಹಂಚಬಹುದು, ತಿದ್ದಿ ಬೆಳೆಸಬಹುದು. ಜನರ ತೆರಿಗೆಯಿಂದ ಹುಟ್ಟಿದ ಪ್ರತಿ ಪಠ್ಯವೂ, ಪ್ರತಿ ನಿಘಂಟೂ ಹೀಗೆಯೇ ಜನರಿಗೆ ಮರಳಬೇಕು. ನಮ್ಮ ವಿಶ್ವವಿದ್ಯಾಲಯಗಳು, ಅಕಾಡೆಮಿಗಳು ಇದನ್ನು ನಿಯಮವಾಗಿಸಲು ಯಾವ ನ್ಯಾಯಾಲಯದ ಆದೇಶಕ್ಕೂ ಕಾಯಬೇಕಿಲ್ಲ.